ಗಂಡಸರಿಗೂ ಒಂದು ಪ್ರಶ್ನೆ ಇರಲಿ

ಮದುವೆಯಾಗಿ ಎರಡು ವರ್ಷ ಮಕ್ಕಳಾಗ್ಲಿಲ್ಲ ಅಂದ್ರೆ ನಮ್ಮಲ್ಲಿ ಮೊದಲ ಟೆಸ್ಟು ಹೆಂಡತಿಗೇ. ಗಂಡ ಏನು ಕೆಲಸ ಮಾಡ್ತಾನೆ, ಏನು ಮುಟ್ಟುತ್ತಾನೆ ಅಂತ ಯಾರೂ ಕೇಳಲ್ಲ.

1977ರಲ್ಲಿ ಕ್ಯಾಲಿಫೋರ್ನಿಯಾದ ಲ್ಯಾಥ್ರೋಪ್‌ನಲ್ಲಿದ್ದ ಕೀಟನಾಶಕ ಕಾರ್ಖಾನೆಯ ಗಂಡಸರು ತಮ್ಮತಮ್ಮಲ್ಲೇ ಮಾತಾಡ್ತಾ ಒಂದು ವಿಷಯ ಗಮನಿಸಿದ್ರು: ಇತ್ತೀಚೆಗೆ ಇಲ್ಲಿ ಯಾರಿಗೂ ಮಕ್ಕಳಾಗ್ತಿಲ್ಲ. ಪರೀಕ್ಷಿಸಿದಾಗ ಕೆಲವರಲ್ಲಿ ವೀರ್ಯಾಣು ತೀರಾ ಕಡಿಮೆ, ಕೆಲವರಲ್ಲಿ ಒಂದೂ ಇಲ್ಲ. ಕಾರಣ ಡಿಬಿಸಿಪಿ, ಬೇರು ತಿನ್ನುವ ಜಂತುಹುಳು ಕೊಲ್ಲಲು ಮಣ್ಣಿಗೆ ಹಾಕ್ತಿದ್ದ ರಾಸಾಯನಿಕ. ಇದರಿಂದ ಇಲಿಗಳ ವೃಷಣ ಕುಗ್ಗುತ್ತೆ ಅಂತ 1961ರಲ್ಲೇ ವರದಿಯಾಗಿತ್ತು. ಮಾರಾಟ ಮಾತ್ರ ನಿಂತಿರಲಿಲ್ಲ.

ನೋವಿಲ್ಲ, ಜ್ವರವಿಲ್ಲ, ಹಾಗಾಗಿ ಗೊತ್ತೇ ಆಗಲ್ಲ. ವೀರ್ಯಾಣು ತಯಾರಾಗೋಕೆ ಸುಮಾರು ಎರಡೂವರೆ ತಿಂಗಳು ಬೇಕು. ಆ ರಾಸಾಯನಿಕದಿಂದ ದೂರವಾದ ಮೇಲೆ ಕೆಲವರು ಚೇತರಿಸಿಕೊಂಡ್ರು, ಹೆಚ್ಚು ಹಾನಿಯಾದ ಹಲವರಿಗೆ ಅದು ಆಗಲಿಲ್ಲ.

ಸೀಸವೂ ವೀರ್ಯಾಣುವಿಗೆ ಶತ್ರುವೇ. ತೋಟಕ್ಕೆ ಔಷಧಿ ಹೊಡೆಯೋ ಅಣ್ಣ, ಹಳೇ ಬ್ಯಾಟರಿ ಕರಗಿಸೋ ಗೆಳೆಯ ನಿಮಗಿದ್ರೆ ಗ್ಲೌಸು, ಮಾಸ್ಕು ಹಾಕೋಕೆ ಹೇಳಿ. ಬಟ್ಟೆ ಬದಲಿಸಿ, ಸ್ನಾನ ಮಾಡಿ ಮನೆಯೊಳಗೆ ಬರಲಿ. ಡಾಕ್ಟರ ಹತ್ತಿರ ಹೋಗೋದಾದ್ರೆ ಗಂಡ ಹೆಂಡತಿ ಇಬ್ಬರೂ ಹೋಗಿ. ವೀರ್ಯ ಪರೀಕ್ಷೆ ಸರಳ, ನಾಚಿಕೆಯೇ ಕಷ್ಟ.