ಪಾಪದ ಲೆಕ್ಕ ಅಲ್ಲಾಹನಿಗೆ, ರೋಗಿಯ ಹೊಣೆ ಜಮಾಅತ್‌ಗೆ

ರೋಗಿಯನ್ನು ಸಂದರ್ಶಿಸುವುದು ಮತ್ತು ಮೃತನ ಜನಾಝಾವನ್ನು ಹಿಂಬಾಲಿಸುವುದು ಒಬ್ಬ ಮುಸ್ಲಿಮನ ಮೇಲೆ ಇನ್ನೊಬ್ಬ ಮುಸ್ಲಿಮನಿಗಿರುವ ಹಕ್ಕುಗಳೆಂದು ಪ್ರವಾದಿ ಮುಹಮ್ಮದ್(ಸ) ಕಲಿಸಿದ್ದಾರೆ. ಆ ಹಕ್ಕಿಗೆ ಅವರು ರೋಗದ ಹೆಸರಿನ ಷರತ್ತು ಹಾಕಲಿಲ್ಲ. ಷರತ್ತು ಹಾಕಿದವರು ನಾವು. ಹೃದಯಾಘಾತವಾದವನ ಮನೆಯ ಮುಂದೆ ಚಪ್ಪಲಿಗಳ ರಾಶಿ ಬೀಳುತ್ತದೆ. ಎಚ್‌ಐವಿ ಎಂಬ ಪಿಸುಮಾತು ಕೇಳಿಬಂದ ಮನೆಯ ಅಂಗಳ ಮಾತ್ರ ಖಾಲಿ ಬೀಳುತ್ತದೆ. ಅಲ್ಲಿಗೆ ಹೋಗದಿರುವುದಕ್ಕೆ ನಾವು ಕೊಡುವ ಕಾರಣ ಧರ್ಮದ್ದು. ನಿಜವಾದ ಕಾರಣ ನಮ್ಮ ಭಯ ಮತ್ತು ಅಜ್ಞಾನ.

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ಬರ ಕಂಡ ತಾಲ್ಲೂಕುಗಳು. ಮಳೆ ಕೈಕೊಟ್ಟ ವರ್ಷ ಬೆಂಗಳೂರಿನ ಬಸ್ಸು ಹತ್ತುವವರಲ್ಲಿ ನಮ್ಮ ಯುವಕರೂ ಇದ್ದಾರೆ. ಶಿರಾ ಪಟ್ಟಣದ ಪಕ್ಕದಲ್ಲೇ ರಾಷ್ಟ್ರೀಯ ಹೆದ್ದಾರಿ ಹಾದುಹೋಗುತ್ತದೆ. ಲಾರಿಯಲ್ಲಿ, ಗ್ಯಾರೇಜಿನಲ್ಲಿ, ಕಟ್ಟಡದ ಕೆಲಸದಲ್ಲಿ ತಿಂಗಳುಗಟ್ಟಲೆ ಮನೆಯಿಂದ ದೂರವಿರುವವರ ಬದುಕನ್ನು ನಾವೆಲ್ಲರೂ ಬಲ್ಲೆವು. ದೂರವಿರುವವರೆಲ್ಲ ದಾರಿ ತಪ್ಪುತ್ತಾರೆಂದು ಹೇಳುವುದು ಅನ್ಯಾಯ. ಯಾರೂ ತಪ್ಪುವುದಿಲ್ಲವೆಂದು ಹೇಳುವುದು ಆತ್ಮವಂಚನೆ. ವಲಸೆ ಕಾರ್ಮಿಕರಿಗಾಗಿ ಮತ್ತು ಲಾರಿ ಚಾಲಕರಿಗಾಗಿ ಎಚ್‌ಐವಿ ತಡೆ ಕಾರ್ಯಕ್ರಮಗಳನ್ನು ಸರಕಾರವೇ ಪ್ರತ್ಯೇಕವಾಗಿ ನಡೆಸುತ್ತದೆ. ಆದರೆ ಆ ಚಾಲಕನ ಪತ್ನಿಯನ್ನು ತಲುಪುವವರು ಯಾರು? ಅವಳು ಯಾವ ಪಾಪವನ್ನೂ ಮಾಡಿಲ್ಲ. ನಿಕಾಹ್ ಎಂಬ ಪವಿತ್ರ ಬಂಧದೊಳಗೇ ಸೋಂಕು ಅವಳಿಗೆ ತಗುಲುತ್ತದೆ. ಹೆಚ್ಚಿನ ಸಂದರ್ಭಗಳಲ್ಲಿ ಅವಳಿಗೆ ವಿಷಯ ತಿಳಿಯುವುದು ಬಸಿರಿನ ತಪಾಸಣೆಯ ದಿನ ಅಥವಾ ಪತಿ ಹಾಸಿಗೆ ಹಿಡಿದ ದಿನ.

‘ನಮ್ಮಲ್ಲಿ ಅದೆಲ್ಲ ಇಲ್ಲ’ ಎಂಬುದು ಮೊದಲ ಸಮರ್ಥನೆ. ಇದಕ್ಕೆ ಕೆಲವರು ಖತ್ನಾವನ್ನು ಆಧಾರವಾಗಿ ಕೊಡುತ್ತಾರೆ. ದಕ್ಷಿಣ ಆಫ್ರಿಕ, ಕೀನ್ಯಾ ಮತ್ತು ಉಗಾಂಡಾಗಳಲ್ಲಿ ನಡೆದ ಅಧ್ಯಯನಗಳು, ಖತ್ನಾದಿಂದ ಸ್ತ್ರೀಯಿಂದ ಪುರುಷನಿಗೆ ಸೋಂಕು ತಗುಲುವ ಸಾಧ್ಯತೆ ಸುಮಾರು ಶೇ. 60ರಷ್ಟು ತಗ್ಗುತ್ತದೆಂದು ತೋರಿಸಿದ್ದು ನಿಜ. ಆದರೆ ತಗ್ಗುವುದೆಂದರೆ ಇಲ್ಲವಾಗುವುದಲ್ಲ. ಸೋಂಕಿತ ಪತಿಯಿಂದ ಪತ್ನಿಯನ್ನು ಕಾಪಾಡುವ ಶಕ್ತಿ ಖತ್ನಾಕ್ಕೆ ಇದೆಯೆಂದು ಆ ಅಧ್ಯಯನಗಳು ಹೇಳಿಲ್ಲ. ಸುನ್ನತ್ತನ್ನು ಅಜಾಗರೂಕತೆಯ ಪರವಾನಗಿಯಾಗಿ ಮಾಡಿಕೊಳ್ಳುವುದು ಸುನ್ನತ್ತಿಗೇ ಮಾಡುವ ಅವಮಾನ.

‘ಇದು ವ್ಯಭಿಚಾರಕ್ಕೆ ಸಿಕ್ಕ ಶಿಕ್ಷೆ’ ಎಂಬುದು ಎರಡನೆಯ ಸಮರ್ಥನೆ. ವ್ಯಭಿಚಾರ ಮಹಾಪಾಪವೆಂಬುದರಲ್ಲಿ ನಮಗೆ ಸಂಶಯವಿಲ್ಲ. ಆ ಎಚ್ಚರಿಕೆಯನ್ನು ಮಿಂಬರಿನಿಂದ ಹೇಳಲೇಬೇಕು. ಆದರೆ ತಾಯಿಯಿಂದ ಸೋಂಕು ಪಡೆದ ಹಸುಗೂಸಿಗೆ ಯಾವ ಪಾಪದ ಶಿಕ್ಷೆ? ಅಸುರಕ್ಷಿತ ಸೂಜಿಯಿಂದ ಸೋಂಕು ತಗುಲಿದವನಿಗೆ? ಒಂದು ವೇಳೆ ಒಬ್ಬನು ಪಾಪ ಮಾಡಿಯೇ ರೋಗಿಯಾದನೆಂದುಕೊಳ್ಳೋಣ. ಅವನ ತೌಬಾವನ್ನು ಸ್ವೀಕರಿಸುವ ಅಧಿಕಾರ ಅಲ್ಲಾಹನದು. ಪರರ ಗುಟ್ಟು ಕೆದಕುವುದನ್ನು ಕುರ್‌ಆನ್ ನಿಷೇಧಿಸಿದೆ. ಸಹೋದರನ ಕುಂದನ್ನು ಮುಚ್ಚುವವನ ಕುಂದನ್ನು ಅಲ್ಲಾಹನು ಮುಚ್ಚುವನೆಂದು ಪ್ರವಾದಿ(ಸ) ಭರವಸೆ ನೀಡಿದ್ದಾರೆ. ಪಾಪದ ವಿಚಾರಣೆಗೆ ಕುಳಿತ ನಾವು ಚಿಕಿತ್ಸೆಯ ವಿಚಾರವನ್ನೇ ಮರೆತೆವು.

ಚಿಕಿತ್ಸೆಯಾದರೋ ಇದೆ. 1986ರಲ್ಲಿ ಚೆನ್ನೈಯಲ್ಲಿ ಭಾರತದ ಮೊದಲ ಪ್ರಕರಣಗಳು ಪತ್ತೆಯಾದಾಗ ಈ ರೋಗಕ್ಕೆ ಮದ್ದಿರಲಿಲ್ಲ. 2004ರ ಏಪ್ರಿಲ್‌ನಿಂದ ಸರಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಔಷಧವನ್ನು ಉಚಿತವಾಗಿ ಕೊಡಲಾಗುತ್ತಿದೆ. 2017ರಿಂದ, ಸೋಂಕು ಖಚಿತವಾದ ಪ್ರತಿಯೊಬ್ಬರಿಗೂ ಕಾಯಿಸದೆ ಚಿಕಿತ್ಸೆ ಆರಂಭಿಸುವ ನೀತಿ ಜಾರಿಯಲ್ಲಿದೆ. ಇಂದು ಹೆಚ್ಚಿನ ವಯಸ್ಕರಿಗೆ ದಿನಕ್ಕೊಂದೇ ಮಾತ್ರೆ. ಅದನ್ನು ತಪ್ಪದೆ ಸೇವಿಸಿ, ರಕ್ತದಲ್ಲಿ ವೈರಾಣು ಪತ್ತೆಯಾಗದ ಮಟ್ಟಕ್ಕಿಳಿದು ಅಲ್ಲೇ ನಿಂತರೆ, ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ಹರಡುವುದಿಲ್ಲ. ಚಿಕಿತ್ಸೆಯಿಲ್ಲದ ಸೋಂಕಿತ ತಾಯಿಯಿಂದ ಮಗುವಿಗೆ ಸೋಂಕು ತಗುಲುವ ಸಾಧ್ಯತೆ ಶೇ. 15ರಿಂದ 45, ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಅದು ಶೇ. 5ಕ್ಕಿಂತ ಕೆಳಗಿಳಿಯುತ್ತದೆ. ಅಲ್ಲಾಹನು ಮದ್ದಿಲ್ಲದ ರೋಗವನ್ನು ಇಳಿಸಿಲ್ಲವೆಂಬ ಪ್ರವಾದಿವಚನವನ್ನು ನಂಬುವ ನಾವು, ಮುಂದಿರಿಸಿದ ಮದ್ದನ್ನು ನಾಚಿಕೆಯ ಹೆಸರಿನಲ್ಲಿ ದೂರ ತಳ್ಳುವುದು ಯಾವ ನ್ಯಾಯ?

ಔಷಧ ಉಚಿತ, ಆದರೆ ದಾರಿ ಉಚಿತವಲ್ಲ. ಪಾವಗಡದಿಂದ ತುಮಕೂರಿಗೆ ಸುಮಾರು ನೂರು ಕಿಲೋಮೀಟರ್. ಹೋಗಿಬರಲು ಒಂದು ದಿನದ ಕೂಲಿ ಹೋಗುತ್ತದೆ. ಶಕ್ತಿ ಯೋಜನೆಯಿಂದ ಮಹಿಳೆಗೆ ಸರಕಾರಿ ಬಸ್ಸಿನ ದರ ಉಳಿದೀತು, ಮಗುವನ್ನು ನೋಡಿಕೊಳ್ಳುವವರು ಸಿಗಲಾರರು. ಮನೆಯಲ್ಲಿ ದಖ್ಖನಿ ಆಡುವ ಹೆಣ್ಣುಮಗಳಿಗೆ ಆಪ್ತಸಮಾಲೋಚಕಿಯ ಮಾತು ಅರ್ಧ ಅರ್ಥವಾಗುತ್ತದೆ. ಅರ್ಥವಾಗದ ಉಳಿದರ್ಧವನ್ನು ಕೇಳಲು ಸಂಕೋಚ. ಹೀಗೆ ಒಂದು ತಿಂಗಳು ಮಾತ್ರೆ ತಪ್ಪುತ್ತದೆ, ಮತ್ತೊಂದು ತಿಂಗಳು ತಪ್ಪುತ್ತದೆ. ವೈರಾಣು ಮತ್ತೆ ತಲೆಯೆತ್ತುತ್ತದೆ, ಹಿಂದೆಯೇ ಕ್ಷಯ ಬರುತ್ತದೆ. ಈ ಅಂತರವನ್ನು ತುಂಬುವುದು ಆಸ್ಪತ್ರೆಯೊಂದರಿಂದಲೇ ಆಗುವ ಕೆಲಸವಲ್ಲ. ಅದು ಮೊಹಲ್ಲಾದ ಕೆಲಸ.

ಈ ಕೆಲಸ ಅಸಾಧ್ಯವೆನ್ನುವವರು ಪಾವಗಡವನ್ನೇ ನೋಡಲಿ. ಕುಷ್ಠರೋಗಿಯನ್ನು ಕಂಡರೆ ಜನ ಮುಖ ತಿರುಗಿಸುತ್ತಿದ್ದ ಸೀಮೆಯಲ್ಲಿ, ಶ್ರೀ ರಾಮಕೃಷ್ಣ ಸೇವಾಶ್ರಮದ ಸ್ವಾಮಿ ಜಪಾನಂದರು ದಶಕಗಳಿಂದ ಕುಷ್ಠ ಮತ್ತು ಕ್ಷಯ ರೋಗಿಗಳ ಸೇವೆ ನಡೆಸಿಕೊಂಡು ಬಂದಿದ್ದಾರೆ. ಒಂದು ಧಾರ್ಮಿಕ ಸಂಸ್ಥೆ ಮನಸ್ಸು ಮಾಡಿದರೆ ಊರು ಅಂಜುವ ರೋಗವನ್ನೂ ಮುಟ್ಟಬಲ್ಲದೆಂಬುದಕ್ಕೆ ನೆರೆಯಲ್ಲೇ ಸಾಕ್ಷಿಯಿದೆ. ಮುಸ್ಲಿಮರಿಂದಲೇ ಉದಾಹರಣೆ ಬೇಕೆನ್ನುವವರಿಗೆ ಉಗಾಂಡಾ ಇದೆ. ಅಲ್ಲಿನ ಇಸ್ಲಾಮಿಕ್ ವೈದ್ಯಕೀಯ ಸಂಘವು 1980ರ ದಶಕದ ಕೊನೆಯಲ್ಲೇ ಇಮಾಮರನ್ನು ಮುಂದಿಟ್ಟುಕೊಂಡು ಏಡ್ಸ್ ಜಾಗೃತಿಗೆ ಇಳಿಯಿತು. ಇಮಾಮರಿಗೆ ತರಬೇತಿಯಾಯಿತು, ಸ್ವಯಂಸೇವಕ ಪುರುಷರೂ ಸ್ತ್ರೀಯರೂ ಮನೆಮನೆಗೆ ಹೋದರು. ಕಾಂಡೋಮಿನ ವಿಷಯದಲ್ಲಿ ಮೊದಲು ವಿರೋಧ ಬಂದರೂ ಚರ್ಚೆಯ ಬಳಿಕ ಆ ಶಿಕ್ಷಣಕ್ಕೂ ಅವಕಾಶವಾಯಿತು. 1998ರಲ್ಲಿ ವಿಶ್ವಸಂಸ್ಥೆಯ ಏಡ್ಸ್ ಸಂಸ್ಥೆಯೇ ಅದನ್ನು ಮಾದರಿ ಕಾರ್ಯವೆಂದು ಪ್ರಕಟಿಸಿತು. ಅವರ ಮಸೀದಿಗಳಿಗೆ ಸಾಧ್ಯವಾದುದು ನಮ್ಮ ಮಸೀದಿಗಳಿಗೆ ಏಕೆ ಸಾಧ್ಯವಿಲ್ಲ?

ಕೆಲವು ಕಡೆ ಇನ್ನೊಂದು ವಾದ ಕೇಳಿಬರುತ್ತದೆ: ನಿಕಾಹ್‌ಗೆ ಮೊದಲು ಎಚ್‌ಐವಿ ಪರೀಕ್ಷೆಯ ಪತ್ರವನ್ನು ಜಮಾಅತ್ ಕಡ್ಡಾಯ ಮಾಡಲಿ ಎಂದು. ಹೆಣ್ಣುಮಗಳ ಮೇಲಿನ ಕಾಳಜಿಯಿಂದ ಹುಟ್ಟಿದ ಮಾತಿದು. ಆದರೂ ದಾರಿ ತಪ್ಪು. 2017ರ ಎಚ್‌ಐವಿ ಮತ್ತು ಏಡ್ಸ್ ತಡೆ ಮತ್ತು ನಿಯಂತ್ರಣ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ತಿಳಿವಳಿಕೆಯ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಒಬ್ಬರ ಸ್ಥಿತಿಯನ್ನು ಬಹಿರಂಗಪಡಿಸುವಂತೆ ಬಲವಂತ ಮಾಡುವಂತಿಲ್ಲ, ಉದ್ಯೋಗ, ಶಾಲೆ, ಆಸ್ಪತ್ರೆ, ಬಾಡಿಗೆ ಮನೆಗಳಲ್ಲಿ ಭೇದ ತೋರುವಂತಿಲ್ಲ ಎಂದು ಅದು ಹೇಳುತ್ತದೆ. ಅಲ್ಲದೆ ಸೋಂಕು ತಗುಲಿದ ಮೊದಲ ಕೆಲವು ವಾರಗಳಲ್ಲಿ ಪರೀಕ್ಷೆಯಲ್ಲಿ ಅದು ಕಾಣಿಸದಿರಬಹುದು. ನಿಕಾಹ್‌ನ ನಂತರ ತಗುಲುವ ಸೋಂಕನ್ನು ಯಾವ ಪತ್ರವೂ ತಡೆಯದು. ಕಮಿಟಿಯ ಮೇಜಿಗೆ ಬಂದ ಪತ್ರ ಸಂಜೆಯೊಳಗೆ ಚಹಾದಂಗಡಿಗೂ ಹೋಗುತ್ತದೆ. ಹಾಗೆಂದು ವಂಚನೆಗೆ ಅವಕಾಶವಿದೆಯೆಂದಲ್ಲ. ತನಗೆ ಸೋಂಕಿದೆಯೆಂದು ಅರಿತವನು ಅದನ್ನು ಮುಚ್ಚಿಟ್ಟು ಮದುವೆಯಾಗುವುದು ಇಸ್ಲಾಮಿನಲ್ಲಿ ದ್ರೋಹ. ಇನ್ನೊಬ್ಬರಿಗೆ ಹರಡದಂತೆ ಎಚ್ಚರ ವಹಿಸುವುದನ್ನು ಕಾಯ್ದೆಯೂ ಅವನ ಕರ್ತವ್ಯವಾಗಿಸಿದೆ. ವಧೂವರರು ಸ್ವಇಚ್ಛೆಯಿಂದ ಪರೀಕ್ಷಿಸಿಕೊಂಡು, ಫಲಿತಾಂಶವನ್ನು ತಾವಿಬ್ಬರೇ ಹಂಚಿಕೊಳ್ಳುವಂತೆ ಪ್ರೋತ್ಸಾಹಿಸುವುದೇ ಸರಿಯಾದ ಕ್ರಮ.

ಹಾಗಾದರೆ ನಮ್ಮ ಜಮಾಅತ್‌ಗಳು ಮಾಡಬೇಕಾದುದೇನು? ದೊಡ್ಡ ಕಟ್ಟಡ ಬೇಡ, ಫಲಕವೂ ಬೇಡ. ಪ್ರತಿ ಮಸೀದಿಯಿಂದ ಬಾಯಿ ಬಿಗಿಹಿಡಿಯಬಲ್ಲ ಇಬ್ಬರು ಪುರುಷರೂ ಇಬ್ಬರು ಸ್ತ್ರೀಯರೂ ಸರಕಾರಿ ಆಸ್ಪತ್ರೆಯ ಐಸಿಟಿಸಿ ಕೇಂದ್ರದಲ್ಲಿ ತಿಳಿವಳಿಕೆ ಪಡೆಯಲಿ. 1097 ಎಂಬ ಉಚಿತ ಸಹಾಯವಾಣಿಯ ಸಂಖ್ಯೆ ಮಸೀದಿಯ ಸೂಚನಾ ಫಲಕದಲ್ಲಿರಲಿ. ಬೈತುಲ್ ಮಾಲ್ ಬಡ ರೋಗಿಯ ಪ್ರಯಾಣಕ್ಕೂ ಪೌಷ್ಟಿಕ ಆಹಾರಕ್ಕೂ ಹೆಸರು ಕೇಳದೆ ನೆರವಾಗಲಿ. ರಮಝಾನಿಗೆ ಮೊದಲು, ಮಾತ್ರೆಯನ್ನು ಇಫ್ತಾರ್ ಅಥವಾ ಸಹರಿಯ ಹೊತ್ತಿಗೆ ಹೊಂದಿಸಿಕೊಳ್ಳುವ ಬಗ್ಗೆ ವೈದ್ಯರನ್ನು ಕೇಳಬೇಕೆಂದು ಖತೀಬರು ತಿಳಿಸಲಿ. ದಂಪತಿಗಳಲ್ಲಿ ಒಬ್ಬರಿಗೆ ಸೋಂಕಿದ್ದರೆ ಕಾಂಡೋಮಿನ ಬಳಕೆ ಜೀವರಕ್ಷಣೆಯ ವಿಷಯವೆಂದು ಆಲಿಮರು ಮುಜುಗರಪಡದೆ ಹೇಳಲಿ. ಮಯ್ಯಿತ್ತಿನ ಗುಸ್ಲ್ ಮಾಡುವವರಿಗೆ ಕೈಗವಸು ಮತ್ತು ಏಪ್ರನ್ ಸದಾ ಸಿದ್ಧವಿರಲಿ. ಎಲ್ಲ ಮಯ್ಯಿತ್ತಿಗೂ ಅವನ್ನೇ ಬಳಸಿದರೆ ಯಾರ ಗುಟ್ಟೂ ಬಯಲಾಗದು, ಯಾರ ಗುಸ್ಲೂ ತಪ್ಪದು.

ಒಂದು ಜೀವವನ್ನು ಉಳಿಸಿದವನು ಇಡೀ ಮಾನವಕುಲವನ್ನೇ ಉಳಿಸಿದಂತೆ ಎಂಬ ಕುರ್‌ಆನಿನ ಬೋಧನೆಯನ್ನು ನಾವು ವೇದಿಕೆಗಳಲ್ಲಿ ಹೆಮ್ಮೆಯಿಂದ ಉಲ್ಲೇಖಿಸುತ್ತೇವೆ. ನಮ್ಮದೇ ಬೀದಿಯಲ್ಲಿ ಒಬ್ಬ ವಿಧವೆ ಮಾತ್ರೆಯ ಡಬ್ಬಿಯನ್ನು ಅಕ್ಕಿಯ ಡ್ರಮ್ಮಿನಲ್ಲಿ ಬಚ್ಚಿಡಬೇಕಾಗಿ ಬಂದರೆ, ಆ ಹೆಮ್ಮೆಗೆ ಅರ್ಥವಿಲ್ಲ. ‘ನನ್ನ ದಾಸನು ರೋಗಿಯಾಗಿದ್ದಾಗ ನೀನೇಕೆ ಹೋಗಲಿಲ್ಲ?’ ಎಂಬರ್ಥದ ಪ್ರಶ್ನೆ ನಾಳೆ ಪರಲೋಕದಲ್ಲಿ ಎದುರಾಗಲಿದೆಯೆಂದು ಹದೀಸ್ ಎಚ್ಚರಿಸಿದೆ. ಅವನ ರೋಗ ಯಾವುದಿತ್ತು ಎಂಬುದು ಅಂದು ನಮ್ಮ ಉತ್ತರವಾಗಲಾರದು. ಆ ಬಾಗಿಲನ್ನು ಇಂದೇ ತಟ್ಟುವ ಧೈರ್ಯವನ್ನು ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್.