ಸರ್ವರ್ ಮಹಾಶಯನ ಮುನಿಸು

ಚಾಮರಾಜನಗರದ ಆಡುಮಾತಿಗೆ ಈಚೆಗೆ ಸೇರಿಕೊಂಡ ನುಡಿಗಳಲ್ಲಿ ‘ಸರ್ವರ್ ಇಲ್ಲ’ ಎಂಬುದಕ್ಕೆ ಅಗ್ರಸ್ಥಾನ ಸಲ್ಲಬೇಕು. 2023ರ ಜೂನ್ ತಿಂಗಳಲ್ಲಿ ಗೃಹಜ್ಯೋತಿಯ ನೋಂದಣಿ ಆರಂಭವಾದಾಗ ನಾಡಿನ ಎಲ್ಲೆಡೆ ಕೇಳಿಬಂದ ಈ ಮಾತನ್ನು ಇಂದು ಅಕ್ಷರವರಿಯದ ಅಜ್ಜಿಯೂ ಸ್ಪಷ್ಟವಾಗಿ ಉಚ್ಚರಿಸಬಲ್ಲಳು. ಮಳೆ ಇಲ್ಲ ಎಂಬಂತೆಯೇ ಸರ್ವರ್ ಇಲ್ಲ. ಎರಡಕ್ಕೂ ಹೊಣೆ ಯಾರೂ ಅಲ್ಲ!

ನಮ್ಮ ಕಾಲೇಜಿನಲ್ಲಿಯೂ ಈ ಮಹಾಶಯನೊಬ್ಬನಿದ್ದಾನೆ. ಪ್ರವೇಶದ ಅರ್ಜಿಗಳೆಲ್ಲ ಅವನ ಮೂಲಕವೇ ಸಲ್ಲಬೇಕು. ಮುಖಪುಟವನ್ನು ಎಷ್ಟು ಮಂದಿ ನೋಡಿದರೂ ಅವನಿಗೆ ಬೇಸರವಿಲ್ಲ. ಹೆಸರು, ಪಾಸ್‌ವರ್ಡ್ ಕೊಟ್ಟು ಒಳಹೊಗಲು ಜನ ತೊಡಗಿದರೋ, ಸ್ವಲ್ಪ ಹೊತ್ತಿನಲ್ಲೇ ಮೂರ್ಛೆ. ಗುಮಾಸ್ತರು ಆರಿಸಿ ಮತ್ತೆ ಚಾಲೂ ಮಾಡುವರು. ಅರ್ಧ ಗಂಟೆ ನಡೆದು ಮತ್ತೆ ಮೂರ್ಛೆ. ‘ಜನ ಹೆಚ್ಚು, ಏನು ಮಾಡುವುದು?’ ಎಂಬುದು ಸರ್ವರ ತೀರ್ಮಾನ.

ಹೀಗಿರಲು, ಗುಂಡ್ಲುಪೇಟೆಯ ಕಡೆಯ ಹುಡುಗಿಯೊಬ್ಬಳು ಮೂರನೆಯ ದಿನವೂ ತಾಯಿಯೊಡನೆ ಬಂದು ನಿಂತಳು. ಹೆಂಗಸರಿಗೆ ಸರ್ಕಾರಿ ಬಸ್ಸಿನ ಖರ್ಚಿಲ್ಲ, ನಿಜ. ಆದರೆ ತಾಯಿಯ ಕೂಲಿ? “ಇವತ್ತೂ ಆಗ್ನಿಲ್ವಾ ಸಾ?” ಎಂದಳು ಆ ತಾಯಿ. ಅರ್ಜಿಗೆ ಉಳಿದಿದ್ದುದು ಇನ್ನೆರಡೇ ದಿನ. ನಾನು ನಿರುತ್ತರನಾದೆ.

ಜನ ಹೆಚ್ಚಾದುದೇ ಕಾರಣವೆಂಬುದು ನನಗೇಕೋ ಒಪ್ಪಿಗೆಯಾಗಲಿಲ್ಲ. 2009ರಿಂದ ಬಂಡೀಪುರದ ಕಾಡಿನಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನಸಂಚಾರಕ್ಕೆ ನಿಷೇಧವಿದೆಯಷ್ಟೆ. ನಸುಕಿನಲ್ಲಿ ಗುಂಡ್ಲುಪೇಟೆಯಾಚೆಯ ಮದ್ದೂರು ಚೆಕ್‌ಪೋಸ್ಟಿನ ಬಳಿ ಲಾರಿಗಳು ಸಾಲುಗಟ್ಟುತ್ತವೆ. ಆರಕ್ಕೆ ಗೇಟು ತೆರೆದರೆ ಒಂದರ ಹಿಂದೊಂದು ಸಾಗಿಹೋಗುತ್ತವೆ. ಜನಸಂದಣಿ ತಡಮಾಡೀತು; ರಸ್ತೆಯನ್ನೇ ಕೆಡವೀತೆ?

ಅಂದು ಸಂಜೆ, ನಮ್ಮಲ್ಲಿಯೇ ಓದಿ ಈಗ ಕಂಪ್ಯೂಟರ್ ವಿಭಾಗದಲ್ಲಿರುವ ತರುಣನೊಡನೆ ಕುಳಿತೆ. ಸರ್ವರು ತನ್ನ ದಿನಚರಿಯನ್ನು ತಾನೇ ಬರೆದಿಡುತ್ತದೆಯೆಂದು ಆಗಲೇ ತಿಳಿದದ್ದು. ಪ್ರತಿ ಮೂರ್ಛೆಗೆ ಮುನ್ನ ಅದರಲ್ಲಿ ಒಂದೇ ಒಕ್ಕಣೆ: ಸಂಪರ್ಕಗಳು ಮುಗಿದಿವೆ. “ಡೇಟಾಬೇಸು ಒಮ್ಮೆಗೆ 100 ಸಂಪರ್ಕ ಮಾತ್ರ ಕೊಡುತ್ತೆ ಸಾರ್. ಗ್ರಂಥಾಲಯದ ಟೋಕನ್ ಇದ್ದ ಹಾಗೆ. ಕೆಲಸ ಮುಗಿದ ಮೇಲೆ ವಾಪಸು ಬರಬೇಕು” ಎಂದು ಅವನು ವಿವರಿಸಿದ.

ಬಳಿಕ ಕಲ್ಪಿತ ವಿದ್ಯಾರ್ಥಿಗಳನ್ನು ಒಳಗೆ ಬಿಟ್ಟು ನೋಡಿದ. ಹತ್ತು, ಐವತ್ತು, ಮುನ್ನೂರು! ಎಲ್ಲರೂ ಸರದಿಯಂತೆ ಸಲೀಸಾಗಿ ಹೊಕ್ಕು ಹೊರಬಂದರು. ಇಬ್ಬರೂ ಪೆಚ್ಚಾದೆವು. ಅಷ್ಟರಲ್ಲಿ ನಾನು ನನ್ನ ಹೆಸರಿನಿಂದ ಪ್ರಯತ್ನಿಸಿ ಪಾಸ್‌ವರ್ಡನ್ನು ತಪ್ಪಾಗಿ ಒತ್ತಿಬಿಟ್ಟೆ. ಪರದೆಯ ಮೇಲೆ ಸಂಪರ್ಕಗಳ ಸಂಖ್ಯೆ ಒಂದು ಏರಿತು, ಇಳಿಯಲೇ ಇಲ್ಲ. “ಸಾರ್, ಇನ್ನೊಂದು ಸಲ ತಪ್ಪು ಮಾಡಿ!” ಎಂದು ತರುಣ ಕೂಗಿದ. ಯಾವ ಶಿಷ್ಯನೂ ನನ್ನನ್ನು ಹಾಗೆ ಬೇಡಿಕೊಂಡಿರಲಿಲ್ಲ. ಮಾಡಿದೆ, ಮತ್ತೊಂದು ಏರಿತು.

ರಹಸ್ಯ ಬಯಲಾಯಿತು. ಒಳಗೆ ಬಿಟ್ಟವರಿಂದ ಟೋಕನ್ ಮರಳಿ ಬರುತ್ತಿದ್ದಿತು. ‘ತಪ್ಪು, ಹೋಗು’ ಎಂದು ಕಳುಹಿಸಿದವರಿಂದ ಅದನ್ನು ಕೇಳಿ ಪಡೆಯುವವರೇ ಇರಲಿಲ್ಲ. ನೂರು ತಪ್ಪುಗಳಾದರೆ ಮುಗಿಯಿತು. ಕಲ್ಪಿತ ವಿದ್ಯಾರ್ಥಿಗಳು ಪಾಸ್‌ವರ್ಡ್ ಮರೆಯುವುದಿಲ್ಲ, ನಿಜವಾದವರು ಮರೆಯುತ್ತಾರೆ. ದಿನವೂ ಆರಿಸಿ ಚಾಲೂ ಮಾಡುತ್ತಿದ್ದುದರಿಂದ ಟೋಕನ್‌ಗಳೆಲ್ಲ ಒಮ್ಮೆಲೇ ಮರಳಿ, ರೋಗ ಮರೆಯಾಗುತ್ತಿದ್ದಿತೇ ಹೊರತು ವಾಸಿಯಾಗುತ್ತಿರಲಿಲ್ಲ. ದೋಷವಿದ್ದುದು ಬಂದವರ ಸಂಖ್ಯೆಯಲ್ಲಲ್ಲ, ನಾವು ಅವರನ್ನು ಹಿಂದಕ್ಕೆ ಕಳುಹಿಸುತ್ತಿದ್ದ ಬಗೆಯಲ್ಲಿ.

ತರುಣನು ಒಂದು ಸಾಲನ್ನು ಸೇರಿಸಿದ. ಮರುದಿನ ಸರ್ವರು ಸಂಜೆಯವರೆಗೂ ಬೀಳಲಿಲ್ಲ. ಆ ಹುಡುಗಿಯ ಅರ್ಜಿಯೂ ಸಂದಿತು. ಆಕೆಯ ತಾಯಿಯ ನಾಲ್ಕು ದಿನದ ಕೂಲಿಯನ್ನು ಹಿಂದಿರುಗಿಸುವ ಸಾಲನ್ನು ಮಾತ್ರ ನಮ್ಮಲ್ಲಿ ಯಾರೂ ಬರೆಯಲಾರದೆ ಹೋದೆವು.