ಮಲಗಿದ ಗೆಳೆಯನನ್ನು ಎಬ್ಬಿಸುವವರಾರು?

ಆಸ್ಟ್ರೇಲಿಯಾದಲ್ಲಿ ನವೆಂಬರ್ ಎಂದರೆ ಹನ್ನೆರಡನೇ ತರಗತಿಯ ಪರೀಕ್ಷೆಗಳು ಮುಗಿಯುವ ತಿಂಗಳು. ಕೊನೆಯ ಉತ್ತರ ಪತ್ರಿಕೆಯನ್ನು ಒಪ್ಪಿಸಿ ಹೊರಬಂದ ಹದಿನೇಳು, ಹದಿನೆಂಟರ ಹರೆಯದ ಮಕ್ಕಳು ಗುಂಪು ಕಟ್ಟಿಕೊಂಡು ವಾರದ ಮಟ್ಟಿಗೆ ಮನೆ ಬಿಡುತ್ತಾರೆ. ಹೆತ್ತವರಿಲ್ಲ, ಶಿಕ್ಷಕರಿಲ್ಲ, ಗೆಳೆಯರು ಮಾತ್ರ. 'ಸ್ಕೂಲೀಸ್' ಎಂದು ಕರೆಯಲಾಗುವ ಈ ವಾಡಿಕೆ 1970ರ ದಶಕದಲ್ಲಿ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಗೋಲ್ಡ್ ಕೋಸ್ಟ್ ಕಡಲತೀರದಲ್ಲಿ ಬೆಳೆಯಿತು. ವಿಮಾನದ ದರ ಇಳಿದಂತೆ ಅದು ದೇಶದ ಗಡಿಯನ್ನೂ ದಾಟಿತು. ಈಗ ಬಹಳಷ್ಟು ಮಕ್ಕಳು ಇಂಡೋನೇಶ್ಯಾದ ಬಾಲಿ ದ್ವೀಪಕ್ಕೆ ಹಾರುತ್ತಾರೆ. ಪರ್ತ್ ನಗರದವರಿಗಂತೂ ತಮ್ಮದೇ ದೇಶದ ಸಿಡ್ನಿಗಿಂತ ಬಾಲಿಯೇ ಹತ್ತಿರ.

ಹನ್ನೆರಡು ವರ್ಷ ಒಂದೇ ಬೆಂಚಿನಲ್ಲಿ ಕುಳಿತವರು ಬೇರೆಯಾಗುವ ಮುನ್ನ ಒಮ್ಮೆ ಜೊತೆಯಾಗಿ ಲೋಕ ನೋಡಬೇಕೆಂದು ಬಯಸುವುದರಲ್ಲಿ ತಪ್ಪೇನೂ ಇಲ್ಲ. ಪ್ರಶ್ನೆಯಿರುವುದು ಬಯಕೆಯ ಕುರಿತಲ್ಲ. ಆ ಬಯಕೆಯನ್ನು ಯಾರು ಕೈಗೆತ್ತಿಕೊಂಡರು ಎಂಬುದರ ಕುರಿತು. ಆಸ್ಟ್ರೇಲಿಯಾದಲ್ಲಿ ಹದಿನೆಂಟು ತುಂಬಿದವನಿಗೆ ಮದ್ಯ ಮಾರಬಹುದು. ಇಂಡೋನೇಶ್ಯಾದ ನಿಯಮದಂತೆ ಇಪ್ಪತ್ತೊಂದು ತುಂಬಿರಬೇಕು. ಆದರೆ ಪ್ರವಾಸಿಗರಿಂದಲೇ ಬದುಕುವ ಬೀದಿಯಲ್ಲಿ ವಯಸ್ಸು ಕೇಳುವ ಅಂಗಡಿಯವನು ವಿರಳ. ಪರವಾನಿಗೆ ನೋಡದೆ ಸ್ಕೂಟರ್ ಬಾಡಿಗೆಗೆ ಕೊಡುವವರಿಗೂ ಅಲ್ಲಿ ಕೊರತೆಯಿಲ್ಲ. ಹೀಗೆ ಬಾಲ್ಯದಿಂದ ಯೌವನಕ್ಕೆ ಕಾಲಿಡುವ ಆ ಒಂದು ವಾರದ ಉಸ್ತುವಾರಿಯನ್ನು ತಂದೆಯೂ ವಹಿಸಿಲ್ಲ, ಸರಕಾರವೂ ವಹಿಸಿಲ್ಲ. ವ್ಯಾಪಾರ ವಹಿಸಿಕೊಂಡಿದೆ.

2024ರ ನವೆಂಬರ್‌ನಲ್ಲಿ ಲಾವೋಸ್ ದೇಶದ ವಾಂಗ್ ವಿಯೆಂಗ್ ಎಂಬ ಪುಟ್ಟ ಊರಿನಲ್ಲಿ ಆರು ಮಂದಿ ವಿದೇಶಿ ಪ್ರವಾಸಿಗರು ವಿಷಪೂರಿತ ಮದ್ಯಕ್ಕೆ ಬಲಿಯಾದರು. ಅವರಲ್ಲಿ ಇಬ್ಬರು ಮೆಲ್ಬೋರ್ನ್‌ನ ಗೆಳತಿಯರು. ಇಬ್ಬರಿಗೂ ಹತ್ತೊಂಬತ್ತು ವರ್ಷ. ಜೊತೆಯಾಗಿ ಹೊರಟವರು ಥಾಯ್ಲೆಂಡಿನ ಆಸ್ಪತ್ರೆಗಳಲ್ಲಿ ಒಬ್ಬರ ಹಿಂದೆ ಒಬ್ಬರು ಕೊನೆಯುಸಿರೆಳೆದರು. ಅದಕ್ಕೂ ಮೊದಲು, 2009ರಲ್ಲಿ, ಬಾಲಿಯಲ್ಲೇ ಕಲಬೆರಕೆಯ ಅರಾಕ್ ಕುಡಿದು ಇಪ್ಪತ್ತೈದು ಮಂದಿ ಸತ್ತಿದ್ದರು. ಅವರಲ್ಲಿ ಹೆಚ್ಚಿನವರು ಸ್ಥಳೀಯರು.

ಇಲ್ಲಿ ಕೊಂದದ್ದು ಮೆಥನಾಲ್. ಅದಕ್ಕೆ ಬೇರೆ ಬಣ್ಣವಿಲ್ಲ, ಎಚ್ಚರಿಸುವಂತಹ ರುಚಿಯಿಲ್ಲ. ದೇಹದೊಳಗೆ ಅದು ಫಾರ್ಮಿಕ್ ಆಮ್ಲವಾಗಿ ಮಾರ್ಪಟ್ಟು ಮೊದಲು ಕಣ್ಣಿನ ನರವನ್ನು ಹಿಡಿಯುತ್ತದೆ. ಆದರೆ ಈ ಕ್ರಿಯೆ ನಿಧಾನ. ಕುಡಿದ ಹನ್ನೆರಡು, ಕೆಲವೊಮ್ಮೆ ಇಪ್ಪತ್ನಾಲ್ಕು ಗಂಟೆಗಳ ಬಳಿಕವೇ ಲಕ್ಷಣಗಳು ಗೋಚರಿಸುವುದುಂಟು. ತಲೆನೋವು, ವಾಂತಿ, ಮಂಪರು, ಕಣ್ಣು ಮಂಜಾಗುವುದು. ಕಣ್ಣಿನ ಸಂಗತಿಯೊಂದನ್ನು ಬಿಟ್ಟರೆ ಉಳಿದುದೆಲ್ಲವೂ ಅಮಲು ಇಳಿಯುವವನ ಲಕ್ಷಣಗಳೇ. ಆದುದರಿಂದ ಕೋಣೆಯಲ್ಲಿರುವ ಗೆಳೆಯರು ಏನು ಮಾಡುತ್ತಾರೆ? ಪರದೆ ಎಳೆದು, "ಮಲಗಲಿ ಬಿಡು, ಸಂಜೆಗೆ ಸರಿಯಾಗುತ್ತಾನೆ" ಎಂದು ಬಾಗಿಲು ಮುಚ್ಚಿ ಸಮುದ್ರಕ್ಕೆ ಹೋಗುತ್ತಾರೆ. ಅದು ಅವರ ಕ್ರೌರ್ಯವಲ್ಲ, ಪ್ರೀತಿ. ಆದರೆ ಚಿಕಿತ್ಸೆಗೆ ಲಭ್ಯವಿರುವ ಸಮಯ ಅದೊಂದೇ. ಬೇಗನೆ ಆಸ್ಪತ್ರೆ ತಲುಪಿದರೆ ಪ್ರತಿವಿಷವಿದೆ, ಡಯಾಲಿಸಿಸ್ ಇದೆ. ತಡವಾದರೆ ಕಣ್ಣು ಹೋಗುತ್ತದೆ, ಇಲ್ಲವೇ ಪ್ರಾಣ.

ಇದನ್ನು ಓದಿ 'ಪಾಶ್ಚಾತ್ಯ ಸಂಸ್ಕೃತಿಯ ಫಲ' ಎಂದು ತೀರ್ಪಿತ್ತು ಪುಟ ತಿರುಗಿಸುವುದು ಸುಲಭ. ಇಂತಹ ತೀರ್ಪು ನಮ್ಮ ವೇದಿಕೆಗಳಲ್ಲಿ ಬಲು ಅಗ್ಗವಾಗಿ ಸಿಗುತ್ತದೆ. ಆದರೆ 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು ಸತ್ತ ಮುನ್ನೂರಕ್ಕೂ ಹೆಚ್ಚು ಮಂದಿ ಯಾವ ಪಾಶ್ಚಾತ್ಯ ಸಂಸ್ಕೃತಿಯಲ್ಲಿ ಬೆಳೆದಿದ್ದರು? 2008ರ ಮೇ ತಿಂಗಳಲ್ಲಿ ಕರ್ನಾಟಕ-ತಮಿಳುನಾಡು ಗಡಿಯ ಊರುಗಳಲ್ಲಿ ನೂರಕ್ಕೂ ಮಿಕ್ಕಿ ಕೂಲಿಕಾರರನ್ನು ಕೊಂದದ್ದು ಇದೇ ಮೆಥನಾಲ್. ಒಂದು ಕಡೆ ಬಡವನ ಪ್ಯಾಕೆಟ್, ಇನ್ನೊಂದು ಕಡೆ ಪ್ರವಾಸಿಗನ ಗಾಜಿನ ಲೋಟ. ಲಾಭಕ್ಕಾಗಿ ವಿಷ ಬೆರೆಸಿದ ಕೈಗೆ ಕುಡಿಯುವವನ ದೇಶವಾಗಲೀ ಧರ್ಮವಾಗಲೀ ಮುಖ್ಯವಲ್ಲ.

ಮದ್ಯ ನಿಷಿದ್ಧವೆಂದು ನಂಬಿರುವ ನಮ್ಮ ಮನೆಗಳಿಗೆ ಈ ಭೀತಿ ಇಲ್ಲವಲ್ಲ ಎಂದು ಓದುಗರು ಕೇಳಬಹುದು. ಇಲ್ಲಿ ತುಸು ನಿಲ್ಲಬೇಕು. ಮನೆಯ ನಿಯಮವನ್ನು ಮೀರದ ಮಕ್ಕಳೇ ಹೆಚ್ಚು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಮೀರಿದ ಒಬ್ಬ ಹುಡುಗನ ಸ್ಥಿತಿಯನ್ನು ಊಹಿಸಿ. ಬೆಳಗ್ಗೆ ಅವನು ಎದ್ದೇಳುತ್ತಿಲ್ಲ. ಜೊತೆಗಿರುವ ಮೂವರಿಗೆ ಗಾಬರಿಯಾಗಿದೆ. ವೈದ್ಯರಲ್ಲಿಗೆ ಒಯ್ದರೆ ವಿಷಯ ಅವನ ಅಬ್ಬನಿಗೆ ತಲುಪುತ್ತದೆ. ಅಲ್ಲಿಂದ ಊರಿಗೆ, ಜಮಾಅತ್‌ಗೆ, ತಂಗಿಯ ಮದುವೆ ಮಾತುಕತೆಗೆ! ಆಸ್ಟ್ರೇಲಿಯಾದ ಗೆಳೆಯರು ಅಜ್ಞಾನದಿಂದ ಆರು ಗಂಟೆ ಕಳೆದುಕೊಂಡರೆ, ನಮ್ಮ ಹುಡುಗರು ತಿಳಿದೂ ತಿಳಿದೂ ಹನ್ನೆರಡು ಗಂಟೆ ಕಳೆದುಕೊಂಡಾರು. ನಿಷೇಧವನ್ನು ಕಲಿಸಿದ ನಾವು, ತಪ್ಪಿದವನು ಮರಳುವ ದಾರಿಯನ್ನು ಕಲಿಸಿದ್ದೇವೆಯೇ? ಪಶ್ಚಾತ್ತಾಪದ ಬಾಗಿಲು ತೆರೆದೇ ಇರುತ್ತದೆಂದು ಮಿಂಬರ್‌ನಿಂದ ಹೇಳುತ್ತೇವೆ; ಮನೆಯ ಬಾಗಿಲಿನ ಬಗ್ಗೆ ಅಷ್ಟೇ ಖಚಿತವಾಗಿ ಹೇಳಬಲ್ಲ ತಂದೆಯಂದಿರು ಎಷ್ಟಿದ್ದಾರೆ?

ಗೋಲ್ಡ್ ಕೋಸ್ಟ್‌ನ ಬೀದಿಗಳಲ್ಲಿ 1997ರಿಂದ 'ರೆಡ್ ಫ್ರಾಗ್ಸ್' ಎಂಬ ಸ್ವಯಂಸೇವಕರ ತಂಡವೊಂದು ಕೆಲಸ ಮಾಡುತ್ತಾ ಬಂದಿದೆ. ಚರ್ಚಿನ ಹಿನ್ನೆಲೆಯಿಂದ ಬಂದ ಯುವಕ ಯುವತಿಯರು ಇವರು. ಮದ್ಯವನ್ನು ಇವರು ಬೆಂಬಲಿಸುವುದಿಲ್ಲ. ಆದರೆ ಸ್ಕೂಲೀಸ್ ವಾರದಲ್ಲಿ ಪ್ರತಿಭಟನೆಯ ಫಲಕ ಹಿಡಿದು ನಿಲ್ಲುವುದೂ ಇಲ್ಲ. ನಡೆಯಲಾರದವನನ್ನು ಕೋಣೆಗೆ ತಲುಪಿಸುತ್ತಾರೆ, ನೀರು ಕುಡಿಸುತ್ತಾರೆ, ಮರುದಿನ ಹೋಟೆಲ್ ಕೋಣೆಗೆ ಹೋಗಿ ಪ್ಯಾನ್‌ಕೇಕ್ ಸುಟ್ಟು ತಿನ್ನಿಸುತ್ತಾರೆ. ಕಪ್ಪೆಯಾಕಾರದ ಕೆಂಪು ಮಿಠಾಯಿ ಹಂಚಿ ಮಕ್ಕಳೊಡನೆ ಮಾತು ಆರಂಭಿಸಿದ್ದರಿಂದಲೇ ಅವರಿಗೆ ಆ ಹೆಸರು. ಅವರ ಧರ್ಮಪ್ರಜ್ಞೆ ಇದರಿಂದ ಕುಂದಿತೆಂದು ಯಾರೂ ಹೇಳುವಂತಿಲ್ಲ. ನಮ್ಮ ಯುವ ಸಂಘಟನೆಗಳು ಮದ್ಯವಿರೋಧಿ ಸಮ್ಮೇಳನಕ್ಕೆ ಸುರಿಯುವ ಶ್ರಮದ ಒಂದು ಪಾಲನ್ನು ಇಂತಹ ಕೆಲಸಕ್ಕೆ ಮೀಸಲಿಟ್ಟರೆ ಏನಾದೀತು ಎಂಬ ಯೋಚನೆ ಬಾರದಿರದು.

2013ರ ಜನವರಿಯಲ್ಲಿ ಪರ್ತ್‌ನ ಹತ್ತೊಂಬತ್ತರ ಯುವಕನೊಬ್ಬ ಲೊಂಬೊಕ್ ಬಳಿಯ ದ್ವೀಪದಲ್ಲಿ ಗೆಳೆಯರೊಂದಿಗೆ ಹೊಸವರ್ಷ ಆಚರಿಸಿ, ಇದೇ ವಿಷಕ್ಕೆ ತುತ್ತಾಗಿ ತೀರಿಕೊಂಡ. ಆತನ ಹೆತ್ತವರು ಮಗನ ತಪ್ಪನ್ನು ಮುಚ್ಚಿಡಲಿಲ್ಲ, ಇಂಡೋನೇಶ್ಯಾವನ್ನು ಶಪಿಸುತ್ತಾ ಕೂರಲೂ ಇಲ್ಲ. ಮೆಥನಾಲ್ ವಿಷವನ್ನು ಗುರುತಿಸಿ ಚಿಕಿತ್ಸೆ ನೀಡುವ ಬಗೆಯನ್ನು ಅಲ್ಲಿನ ಆಸ್ಪತ್ರೆಗಳ ಸಿಬ್ಬಂದಿಗೆ ತಲುಪಿಸಲು ಒಂದು ಸಂಸ್ಥೆಯನ್ನೇ ಕಟ್ಟಿದರು. ಅದರಿಂದ ಉಳಿಯುವ ಜೀವಗಳಲ್ಲಿ ಹೆಚ್ಚಿನವು ಬಡ ಇಂಡೋನೇಶ್ಯನ್ನರದ್ದೇ ಆಗಿರಬೇಕು.

ನಮ್ಮ ಕರಾವಳಿಯ ಪಟ್ಟಣಗಳಿಗೆ ವಿದೇಶವೆಂಬುದು ಹೊಸದಲ್ಲ. ಮಂಗಳೂರು, ಭಟ್ಕಳ, ಉಡುಪಿಯ ಎಷ್ಟೋ ಮನೆಗಳಲ್ಲಿ ಮಗ ಕೊಲ್ಲಿ ರಾಷ್ಟ್ರಕ್ಕೆ ಹೊರಟು ನಿಂತ ದಿನವೇ ಕುಟುಂಬದ ಚರಿತ್ರೆಯಾಗಿದೆ. ಆದರೆ ಆ ಪ್ರಯಾಣದ ಇನ್ನೊಂದು ತುದಿಯಲ್ಲಿ ಯಾರೋ ಇರುತ್ತಿದ್ದರು. ವಿಮಾನ ನಿಲ್ದಾಣದ ಹೊರಗೆ ಕಾಕನೋ, ಭಾವನೋ, ಊರಿನವನೋ ಕಾಯುತ್ತಿದ್ದ. ಪಿಯುಸಿ ಮುಗಿಸಿದ ನಾಲ್ವರು ಗೆಳೆಯರು ಥಾಯ್ಲೆಂಡಿಗೋ ಮಲೇಶ್ಯಾಕ್ಕೋ ಹೊರಟರೆ ಆ ತುದಿಯಲ್ಲಿ ಯಾರೂ ಇಲ್ಲ. 2023ರ ಡಿಸೆಂಬರ್‌ನಲ್ಲಿ ಮಲೇಶ್ಯಾ ಭಾರತೀಯರಿಗೆ ವೀಸಾ ಇಲ್ಲದೆ ಪ್ರವೇಶ ನೀಡಲಾರಂಭಿಸಿದ ಬಳಿಕ, "ಗೋವಾಕ್ಕೆ ಹೋಗುವ ಖರ್ಚಿಗೆ ಇನ್ನಷ್ಟು ಸೇರಿಸಿದರೆ ಸಾಕು" ಎಂದು ಲೆಕ್ಕ ಹಾಕುವ ಹುಡುಗರನ್ನು ನಾವೂ ಕಂಡಿದ್ದೇವೆ. ಬೇಡವೆಂದರೆ ಮುಗಿಯಿತೇ? ಈ ವರ್ಷ ಬೇಡವೆಂದರೆ ಮುಂದಿನ ವರ್ಷ ತನ್ನದೇ ಸಂಬಳದಲ್ಲಿ ಹೊರಡುತ್ತಾನೆ. ಆಗ ಕೇಳುವುದೂ ಇಲ್ಲ.

ಮಾತನಾಡಬೇಕಾದ ವಿಷಯ ಮದ್ಯ ಮಾತ್ರವೂ ಅಲ್ಲ. ಆ ದೇಶದಲ್ಲಿ ಮಾನ್ಯವಾದ ಪರವಾನಿಗೆ ಇಲ್ಲದೆ ಸ್ಕೂಟರ್ ಓಡಿಸಿ ಬಿದ್ದರೆ ಪ್ರವಾಸದ ವಿಮೆ ಸಾಮಾನ್ಯವಾಗಿ ಒಂದು ಪೈಸೆಯನ್ನೂ ಕೊಡುವುದಿಲ್ಲ. ಕಾಲು ಮುರಿದವನನ್ನು ಊರಿಗೆ ತರಲು ಮನೆ ಅಡವಿಡಬೇಕಾದೀತು. ಇನ್ನೊಬ್ಬರ ಪೊಟ್ಟಣವನ್ನು ಚೀಲದಲ್ಲಿಟ್ಟುಕೊಳ್ಳುವ ವಿಚಾರವಂತೂ ಇನ್ನೂ ಗಂಭೀರವಾದುದು. 2005ರ ಏಪ್ರಿಲ್‌ನಲ್ಲಿ ಹೆರಾಯಿನ್ ಸಾಗಾಟದ ಪ್ರಕರಣದಲ್ಲಿ ಬಾಲಿಯಲ್ಲಿ ಸೆರೆಸಿಕ್ಕ ಒಂಬತ್ತು ಆಸ್ಟ್ರೇಲಿಯನ್ನರಲ್ಲಿ ಕೆಲವರಿಗೆ ಇಪ್ಪತ್ತೂ ತುಂಬಿರಲಿಲ್ಲ. ಇಬ್ಬರನ್ನು 2015ರಲ್ಲಿ ಗುಂಡಿಟ್ಟು ಕೊಲ್ಲಲಾಯಿತು. ಐವರು ಸ್ವದೇಶಕ್ಕೆ ಮರಳಿದ್ದು 2024ರ ಡಿಸೆಂಬರ್‌ನಲ್ಲಿ. ಆಸ್ಟ್ರೇಲಿಯಾದಂತಹ ಪ್ರಬಲ ಸರಕಾರಕ್ಕೂ ಅವರನ್ನು ಅದಕ್ಕೂ ಮೊದಲು ಕರೆತರಲಾಗಲಿಲ್ಲ.

ಟಿಕೆಟಿನ ಹಣ ಎಣಿಸಿ ಕೊಡುವ ದಿನ ಮಗನೊಬ್ಬನನ್ನೇ ಅಲ್ಲ, ಅವನೊಂದಿಗೆ ಹೊರಟ ಮೂವರನ್ನೂ ಮನೆಗೆ ಕರೆದು ಕುಳ್ಳಿರಿಸಿ. ಅವರ ಹೆತ್ತವರೂ ಬರಲಿ. ಚಹಾ ಕುಡಿಯುತ್ತಾ ಒಂದೇ ಪ್ರಶ್ನೆ ಕೇಳಿ: "ನಿಮ್ಮಲ್ಲೊಬ್ಬ ಬೆಳಗ್ಗೆ ಏಳದಿದ್ದರೆ ಮೊದಲು ಏನು ಮಾಡುತ್ತೀರಿ?" ಹುಡುಗರು ಪರಸ್ಪರ ಮುಖ ನೋಡಿಕೊಂಡಾರು. ಆಗ ತಂದೆಯೇ ಉತ್ತರವನ್ನೂ ಹೇಳಲಿ: ಮೊದಲು ಆಸ್ಪತ್ರೆ, ಕುಡಿದಿದ್ದರೆ ಕುಡಿದಿದ್ದಾನೆಂದೇ ವೈದ್ಯರಿಗೆ ಹೇಳಿ, ಆಮೇಲೆ ನನಗೆ ಫೋನ್ ಮಾಡಿ, ಎಷ್ಟು ಹೊತ್ತಾಗಿದ್ದರೂ ಸರಿ, ಆ ದಿನ ನಾನು ಏನನ್ನೂ ಕೇಳುವುದಿಲ್ಲ.